ಹಬ್‌ಗೆ ಹೊಡೆದ ಮೂರು ಪಿನ್ನು

ಬೋಟಿನವರು ಫೋನು ಮಾಡಿದರೆ ಮೊದಲು ಕೇಳುವುದೇ ಸ್ಪೀಡು. ಎಷ್ಟು ಸ್ಪೀಡ್ ಬರುತ್ತೆ ಮೇಡಂ, ಇನ್ನೂ ಐದು ಜಾಸ್ತಿ ಆಗುತ್ತಾ ಮೇಡಂ. ಬೋಟಿನಲ್ಲಿ ಎಷ್ಟು ಜನ ಕೂರುತ್ತೀರಿ, ಟ್ಯಾಂಕು ತುಂಬಿದಾಗ ಎಂಜಿನ್ನು ಎಷ್ಟು ಆರ್‌ಪಿಎಂ ಮುಟ್ಟುತ್ತದೆ, ಈಗಿರುವ ಪ್ರೊಪೆಲ್ಲರಿನ ಮೇಲೆ ಏನು ನಂಬರು ಕೊರೆದಿದೆ ಎಂದು ನಾನು ಕೇಳಿದರೆ ನೋಡಿ ಹೇಳ್ತೀನಿ ಮೇಡಂ ಅನ್ನುತ್ತಾರೆ. ಎಂಜಿನ್ನಿನ ಬಣ್ಣ ಬೇಕಾದರೆ ಹೇಳುತ್ತಾರೆ. ಹದಿನಾರು ವರ್ಷದಿಂದ ಇವೇ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ.

ನಾನು ಸಮುದ್ರ ನೋಡಿದವಳಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಊರೆಲ್ಲ ಬೆಂಗಳೂರಿನ ರೈಲುಗಾಡಿಗೆ ನೂಕಾಡುವಾಗ ಮಾರಿಕುಪ್ಪಂ ಗಾಡಿ ಹತ್ತಿ ಊರಿಗಾಂನಲ್ಲಿ ಇಳಿಯುತ್ತೇನೆ. ಅಲ್ಲೊಂದು ಹಳೆಯ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪು. ರೇಸು ಬೋಟುಗಳ ಪ್ರೊಪೆಲ್ಲರ್ ರಿಪೇರಿ ಮಾಡುವುದು, ಯಾವ ಬೋಟಿಗೆ ಯಾವುದು ಹೊಂದುತ್ತದೆ ಎಂದು ಆರಿಸಿ ಕಳಿಸುವುದು, ಇಷ್ಟೇ ಕೆಲಸ. ಬಿಲ್ಲು ಬರೆಯಲು ಸೇರಿದವಳು ನಾನು. ಆರಿಸುತ್ತಿದ್ದವರು ಬಿಟ್ಟುಹೋದಾಗ ಅದೂ ನನ್ನ ತಲೆಗೇ ಬಂತು, ಯಾರೂ ಕೇಳಲಿಲ್ಲ, ನಾನೂ ಬೇಡ ಅನ್ನಲಿಲ್ಲ. ಪ್ರೊಪೆಲ್ಲರು ಒಂದು ಸುತ್ತು ತಿರುಗಿದರೆ ಬೋಟು ಎಷ್ಟು ಇಂಚು ಮುಂದೆ ಹೋಗಬೇಕೋ ಅದು ಪಿಚ್ಚು. ಅದು ಹೆಚ್ಚಾದರೆ ಎಂಜಿನ್ನು ಏದುಸಿರು ಬಿಡುತ್ತದೆ, ಕಮ್ಮಿಯಾದರೆ ಸುಮ್ಮನೆ ಕಿರುಚುತ್ತದೆ. ಉಳಿದದ್ದೆಲ್ಲ ಕೂಡುವುದು, ಕಳೆಯುವುದು.

ಕಷ್ಟವಿರುವುದು ಹಬ್‌ನಲ್ಲಿ. ಪ್ರೊಪೆಲ್ಲರಿನ ನಡುವೆ ಶಾಫ್ಟು ಕೂರುವ ಜಾಗ ಅದು. ಅದರೊಳಗೆ ರಬ್ಬರಿನ ಬುಷ್ಷಿರುತ್ತದೆ, ಬುಷ್ಷಿನೊಳಗೆ ಶಾಫ್ಟು ತೂರುವ ಹಿತ್ತಾಳೆಯ ಕೊಳವೆ. ಓಡುವಾಗ ರಬ್ಬರು ಬಿಗಿಯಾಗಿ ಹಿಡಿದಿರಬೇಕು, ಆದರೆ ಪ್ರೊಪೆಲ್ಲರು ಕಲ್ಲಿಗೋ ಮರದ ದಿಮ್ಮಿಗೋ ಬಡಿದರೆ ಜಾರಿಬಿಡಬೇಕು. ಜಾರಿದರೆ ಏಟು ಅಲ್ಲಿಗೇ ಮುಗಿಯುತ್ತದೆ. ಜಾರದಿದ್ದರೆ ಗೇರು ಮುರಿಯುತ್ತದೆ, ಬೋಟಿನಲ್ಲಿದ್ದವರಿಗೂ ಪೆಟ್ಟು.

ನಮ್ಮ ಮೇಸ್ತ್ರಿಗೆ ಈ ಜಾರುವ ಮಾತೇ ಆಗುತ್ತಿರಲಿಲ್ಲ. ಎಪ್ಪತ್ತು ದಾಟಿದವರು. ನಂದಿದುರ್ಗ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ಈಗಲೂ ಅಲ್ಲಿನ ಕಾರ್ಮಿಕರ ಲೈನ್ ಮನೆಯಲ್ಲೇ ಇದ್ದಾರೆ. ಜನರನ್ನು ಗಣಿಯೊಳಗೆ ಇಳಿಸುತ್ತಿದ್ದ ಯಂತ್ರದ ದೊಡ್ಡ ಚಕ್ರಗಳನ್ನು ಶಾಫ್ಟಿಗೆ ಕೂರಿಸುವುದು ಅವರ ಕೆಲಸವಾಗಿತ್ತು. ಅಲ್ಲಿ ಜಾರಿತು ಅಂದರೆ ಎಷ್ಟು ಜನ ಅಂತ ಎಣಿಸಬೇಕಾಗುತ್ತಿತ್ತು.

"ಏಮ್ಮಾ, ನಾನು ಕೂರ್ಸಿದ್ದು ಜಾರ್ಬೇಕು ಅಂತೀಯಲ್ಲ, ಇದೆಂಥಾ ವೇಲೆ?" ಎಂದು ತಮಿಳು ಬೆರೆತ ಕನ್ನಡದಲ್ಲಿ ಗೊಣಗುತ್ತಲೇ ಬುಷ್ಷು ಒತ್ತುತ್ತಿದ್ದರು.

"ನೀರಾಗೆ ಅಂಗೇ ಕಣಣ್ಣ. ಜಾರಿದ್ರೇನೇ ಒಳ್ಳೇದು," ಅನ್ನುತ್ತಿದ್ದೆ ನಾನು. ಈ ಮಾತು ಎಷ್ಟು ಸಲ ಆಡಿದ್ದೇವೋ ಲೆಕ್ಕವಿಲ್ಲ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಪಶ್ಚಿಮ ಕರಾವಳಿಯ ಒಬ್ಬರು ರೇಸು ಬೋಟಿಗೆ ಪ್ರೊಪೆಲ್ಲರ್ ಕೇಳಿದರು. ತಿರುವಿನಲ್ಲಿ ಬೋಟು ಹಿಡಿತ ತಪ್ಪುತ್ತಿದೆ ಎಂದರು. ಮೂರು ಅಲಗಿನದು ತೆಗೆಸಿ ನಾಲ್ಕು ಅಲಗಿನದು ಆರಿಸಿದೆ, ಪಿಚ್ಚು ಒಂದಿಂಚು ಇಳಿಸಿದೆ, ಮೇಸ್ತ್ರಿ ಹೊಸ ಬುಷ್ಷು ಹಾಕಿದರು. ಆರಿಸಿದ್ದು ಸರಿಯಾಗಿದೆ ಎಂದು ನನಗೆ ಒಳಗೊಳಗೇ ಜಂಬ. ವಾರದಲ್ಲಿ ಫೋನು ಬಂತು. ಹೊರಡುವಾಗ ಎಂಜಿನ್ನು ಕಿರುಚುತ್ತದೆ, ಬೋಟು ಮಾತ್ರ ಕದಲುವುದಿಲ್ಲ.

"ಹಬ್‌ನಿಂದ ಬುಷ್ಷಿನ ಮೇಲೆ ಬರೋ ಹಾಗೆ ಪೇಂಟಲ್ಲಿ ಒಂದು ನೇರ ಗೆರೆ ಎಳೀರಿ. ಒಂದು ಸುತ್ತು ಓಡಿಸಿ ಬಂದು ನೋಡಿ," ಎಂದೆ. ಸಂಜೆ ಫೋಟೋ ಕಳಿಸಿದರು. ಗೆರೆ ತುಂಡಾಗಿ, ಹಬ್ ಮೇಲಿನದು ಒಂದು ಕಡೆ, ಬುಷ್ಷಿನ ಮೇಲಿನದು ಇನ್ನೊಂದು ಕಡೆ ಆಗಿತ್ತು. ಹಬ್ ಜಾರಿದ್ದು ಖಾತ್ರಿಯಾಯಿತು, ಪಾರ್ಸಲ್ ವಾಪಸು ಬಂತು.

ಮೇಸ್ತ್ರಿಗೆ ಹೇಳಿದೆ. "ಬುಷ್ಷು ಜಾರೈತೆ ಅಣ್ಣ. ಆ ರಬ್ಬರೇ ಸರಿ ಇಲ್ಲ ಅನ್ಸುತ್ತೆ. ಗಟ್ಟಿದು ಬಂದೈತೆ, ಅದಾಕಿ." ಅವರು ಕೈ ಒರೆಸಿಕೊಂಡು ಹೊರಗೆ ಹೋಗಿ ಕಲ್ಲಿನ ಮೇಲೆ ಕುಳಿತರು. ಊಟದ ಡಬ್ಬಿ ಬಿಚ್ಚಲಿಲ್ಲ. ನಾನು ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಜಾರೈತೆ ಅನ್ನುವುದೊಂದೇ.

ಎರಡು ದಿನ ಬಿಟ್ಟು ಕೆಲಸ ಮುಗಿಸಿ ನನ್ನ ಮೇಜಿನ ಮೇಲಿಟ್ಟರು. ಇದು ಗಣಿಯಿಂದ ಅವರು ತಂದ ಪದ್ಧತಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಿ "ಸರಿ" ಅನ್ನಬೇಕು. ಅಂದ ಮೇಲೇ ಅದು ಗಣಿಯೊಳಗೆ ಇಳಿಯಬೇಕು. ನೋಡುವವನು ನಿನ್ನೆ ಸೇರಿದವನಾದರೂ ಫೋರ್‌ಮನ್ ಕೆಲಸವನ್ನು ಬೇಡ ಅನ್ನಬಹುದಿತ್ತಂತೆ, ಯಾರೂ ಮುಖ ಸಿಂಡರಿಸುವಂತಿರಲಿಲ್ಲವಂತೆ. ನಮ್ಮ ಶೆಡ್ಡಿನಲ್ಲಿ ಆ ಇನ್ನೊಬ್ಬಳು ನಾನೇ.

ಹಬ್‌ನೊಳಗೆ ಬೆರಳಾಡಿಸಿದೆ. ರಬ್ಬರು ಗಟ್ಟಿಯಾಗಿತ್ತು. ಅದರ ಒಳಗಿನ ಹಿತ್ತಾಳೆಯಲ್ಲಿ ಮೂರು ಕಡೆ ಬೆರಳಿಗೆ ಸಣ್ಣದಾಗಿ ಏನೋ ತಾಗಿತು. ಬೆಳಕಿಗೆ ಹಿಡಿದೆ. ಮೂರು ಪಿನ್ನು. ರಬ್ಬರು ದಾಟಿ ಹೊರಗಿನ ಉಕ್ಕಿನ ತನಕ ಹೊಡೆದು, ತುದಿ ಉಜ್ಜಿ ನುಣುಪು ಮಾಡಿದ್ದರು. ಇನ್ನು ಅದು ಯಾವ ಕಾಲಕ್ಕೂ ಜಾರುವುದಿಲ್ಲ. ನನಗೆ ಆ ಕ್ಷಣವೇ ಗೊತ್ತಾಯಿತು, ಗೊತ್ತಾಗಲಿಲ್ಲ ಎಂದು ಈಗ ಹೇಳಿದರೆ ಸುಳ್ಳು.

ಮೇಸ್ತ್ರಿ ಬಾಗಿಲ ಬಳಿ ಟೀ ಲೋಟ ಹಿಡಿದು ನಿಂತಿದ್ದರು. ಅವತ್ತು ಬೆಳಿಗ್ಗೆ ಒಂದು ಹಸುವಿಗೆ ಕೆಚ್ಚಲು ಬಾವು ಬಂದು, ಡಾಕ್ಟರಿಗೆ ಕಾದು, ಗಾಡಿಯಲ್ಲಿ ನಿಂತೇ ಬಂದಿದ್ದೆ. ಮಂಡಿ ಸಿಡಿಯುತ್ತಿತ್ತು. ಒಂದೇ ವಾರದಲ್ಲಿ ಎರಡನೇ ಸಲ ಈ ಮುದುಕರಿಗೆ ನಿಮ್ಮದು ತಪ್ಪು ಅನ್ನಬೇಕಲ್ಲ, ಮತ್ತೆ ಆ ಕಲ್ಲಿನ ಮೇಲೆ ಕೂರುವುದನ್ನು ನೋಡಬೇಕಲ್ಲ ಅನ್ನಿಸಿತು. ರೇಸಿನ ನೀರು, ಚೊಕ್ಕಟವಾಗಿಯೇ ಇಟ್ಟಿರುತ್ತಾರೆ, ಎಂದು ಸಮುದ್ರವನ್ನೇ ಕಾಣದ ನಾನು ನನಗೇ ಸಮಾಧಾನ ಹೇಳಿಕೊಂಡೆ.

"ಸರಿ," ಎಂದೆ. ಪ್ಯಾಕು ಮಾಡಿ ಕಳಿಸಿದೆ.

ಹನ್ನೊಂದನೆಯ ದಿನ ಬೋಟಿನವರು ಫೋನು ಮಾಡಿದರು. ಪ್ರಾಕ್ಟೀಸಿನಲ್ಲಿ, ತೇಲಿ ಬಂದ ತೆಂಗಿನ ಬೊಡ್ಡೆಗೆ ಪ್ರೊಪೆಲ್ಲರ್ ಬಡಿಯಿತಂತೆ. ಗೇರು ಮುರಿದು, ಬೋಟು ಗಕ್ಕನೆ ತಿರುಗಿ, ಓಡಿಸುತ್ತಿದ್ದವನು ಸ್ಟಿಯರಿಂಗಿಗೆ ಅಪ್ಪಳಿಸಿದನಂತೆ. ಹೆಗಲ ಮೂಳೆ ಮುರಿದಿದೆ, ಆಸ್ಪತ್ರೆಯಲ್ಲಿದ್ದಾನೆ. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮೆಲ್ಲಗೆ ಕೇಳಿದರು.

"ಮೇಡಂ, ಇಂಥದ್ದಕ್ಕೇ ಅಲ್ವಾ ಹಬ್ ಜಾರೋದು?"

"ಹೌದು. ಜಾರಬೇಕಿತ್ತು. ತಪ್ಪು ನಮ್ಮದೇ," ಎಂದೆ.

ಮೇಸ್ತ್ರಿ ಒಂದು ಅಲಗಿಗೆ ಪಾಲಿಷ್ ಹಿಡಿಯುತ್ತಿದ್ದರು. ಹೇಗೆ ಹೇಳಿದರೆ ಅವರಿಗೆ ಕಮ್ಮಿ ನೋವಾದೀತು ಎಂದು ಲೆಕ್ಕ ಹಾಕುತ್ತಲೇ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಅವರು ಮೆಷಿನ್ ಆಫ್ ಮಾಡಿದರು.

"ಆಳು ಉಳಿದವ್ನಾ?"

"ಉಳಿದವ್ನೆ. ಹೆಗಲು ಮುರಿದೈತೆ."

"ಪಿನ್ನು ಹೊಡ್ದಿದ್ದು ನಾನು. ತಪ್ಪು ನಂದು," ಎಂದರು. ಅವರ ದನಿ ನೆಟ್ಟಗೇ ಇತ್ತು. ಅಲ್ಲಿಗೆ ನಾನು ಬಚಾವಾಗಿದ್ದೆ. ಆಮೇಲೆ ಅಲಗು ಕೆಳಗಿಟ್ಟು ಕೇಳಿದರು, "ನಿನ್ನ ಬೆರಳಿಗೆ ಸಿಗ್ಲಿಲ್ವಾಮ್ಮಾ?"

ಸಿಗಲಿಲ್ಲ ಅಂದಿದ್ದರೆ ನಂಬುತ್ತಿದ್ದರು. ಅಷ್ಟು ನುಣುಪಾಗಿ ಉಜ್ಜಿದ್ದರು.

"ಸಿಕ್ತು ಅಣ್ಣ."

"ಸಿಕ್ಕಿ ಸರಿ ಅಂದ್ಯಾ?"

"ನಿಮಗೆ ಬೇಜಾರಾಯ್ತದೆ ಅಂತ..." ಅಂದೆ.

ಅವರು ನನ್ನನ್ನೇ ನೋಡಿದರು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವತ್ತು ನಂಗೂ ಡೌಟ್ ಇತ್ತಮ್ಮಾ. ನೀನು ವೇಂಡಾ ಅಂದಿದ್ರೆ ತೆಗ್ದಾಕ್ತಿದ್ದೆ. ಅದಕ್ಕೇ ಅಲ್ವಾ ನಿನ್ನ ಮುಂದೆ ತಂದಿಟ್ಟಿದ್ದು? ನೀನು ಸರಿ ಅಂದೆ. ನಾನು ಮನೆಗೋಗಿ ನೆಮ್ದಿಯಾಗಿ ಮಲ್ಗಿದೆ."

ಅದಾದ ಮೇಲೂ ಮುನಿಸಿಲ್ಲ, ಮಾತು ಬಿಟ್ಟಿಲ್ಲ. ಹಸು ಹೇಗಿದೆ ಎಂದು ವಿಚಾರಿಸುತ್ತಾರೆ, ಟೀ ತರಿಸಿದರೆ ನನಗೂ ತರಿಸುತ್ತಾರೆ. ಆದರೆ ಹಬ್ ಮುಗಿದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ, ನನ್ನ ಮೇಜು ದಾಟಿ, ರಸ್ತೆಯಾಚೆಯ ಲೇತ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿಯವನು ಪಂಪ್‌ಸೆಟ್ಟಿನ ಕೆಲಸದವನು, ಪ್ರೊಪೆಲ್ಲರಿನ ಗಂಧಗಾಳಿ ಗೊತ್ತಿಲ್ಲ. ಮೊನ್ನೆ ಒಂದನ್ನು ಮುಟ್ಟಿ ನೋಡಿ, ಇದ್ಯಾಕೋ ಸರಿ ಇಲ್ಲ, ತಗೊಂಡೋಗಿ ಎಂದು ವಾಪಸು ಕಳಿಸಿದ. ಮೇಸ್ತ್ರಿ ತಂದು ಬಿಚ್ಚಿ ಮತ್ತೆ ಮಾಡಿದರು. ನಾನು ಪ್ಯಾಕು ಮಾಡಿದೆ.