ಹೊಟ್ಟೆ ಅಳೆಯುತ್ತಿದ್ದ ಗಿರಿಜಕ್ಕ

ಗಿರಿಜಕ್ಕನ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಲು ಯಾರಿಗೂ ಆಗುತ್ತಿರಲಿಲ್ಲ. ಟೇಪನ್ನು ಸಡಿಲವಾಗಿ ಸುತ್ತಿ, "ಬೆಳಿಗ್ಗೆ ಏನ್ ತಿಂದ್ರಿ ಸಾವ್ಕಾರ್ರೆ?" ಎನ್ನುತ್ತಿದ್ದರು. ಉತ್ತರದ ಜೊತೆ ಬಿಗಿಹಿಡಿದ ಉಸಿರೂ ಹೊಟ್ಟೆಯೂ ಹೊರಗೆ ಬರುತ್ತಿದ್ದವು. ಆಗ ಅಳತೆ ಓದಿಬಿಡುತ್ತಿದ್ದರು.

ಹರಿಹರದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಆಸ್ಪತ್ರೆಯೊಂದು ಬೊಜ್ಜಿನ ಸಮೀಕ್ಷೆ ಮಾಡಿಸಿದಾಗ, ಮನೆಮನೆಗೆ ಹೋಗಿ ಹೊಟ್ಟೆ, ಸೊಂಟ, ತೂಕ ಅಳೆಯುವ ಕೆಲಸ ಅವರಿಗೆ ಸಿಕ್ಕಿತ್ತು. ಅವರೂ ದಪ್ಪ. ಯಾರಾದರೂ ನಕ್ಕರೆ, "ನನ್ನ ಅಳೀಬೇಕಂದ್ರ ಎರಡು ಟೇಪು ಗಂಟು ಹಾಕ್ಬೇಕು. ಮೊದ್ಲು ನಿಮ್ದು ನೋಡನ ಬರ್ರಿ" ಎನ್ನುತ್ತಿದ್ದರು.

ಗಿರಿಜಕ್ಕ ಅಳತೆಗೆಂದು ನಮ್ಮ ಮನೆಗೆ ಬಂದ ದಿನ ಅಪ್ಪ ಅವ್ವನನ್ನು ಚುಡಾಯಿಸಿದರು. "ನನ್ನ ಸರಿಸಮ ಹೊಟ್ಟೆ ಬಂತಲ್ಲೇ ನಿಂಗೂ!"

"ನಿಮ್ದು ಮದ್ವಿ ಆದಾಗಿಂದ ಮುಂದೈತೆ ಅಣ್ಣಾರ," ಎಂದರು ಗಿರಿಜಕ್ಕ. "ಹೆಣ್ಮಕ್ಕಳಿಗೆ ಮೊದ್ಲು ಸೊಂಟ, ತೊಡೆಗೆ ಬರ್ತೈತೆ. ವಯಸ್ಸಾದ ಮ್ಯಾಲೆ ಹೊಟ್ಟಿಗೆ. ಇಬ್ಬರಿಗೂ ಒಂದೇ ಲೆಕ್ಕ ಹೆಂಗೆ ಹಾಕ್ತೀರಿ?"

ಅವ್ವ ನಗಲಿಲ್ಲ. ಒಳಕೋಣೆಯಲ್ಲಿ ಅಳತೆಗೆ ನಿಂತಾಗ ಅವಳ ಲಂಗದ ಲಾಡಿ ಗಿರಿಜಕ್ಕನ ಕಣ್ಣಿಗೆ ಬಿತ್ತು. ಲಾಡಿ ಸಾಲದೆ ಅವ್ವ ಹಳೆ ಸೀರೆಯ ಅಂಚು ಹರಿದು ಜೋಡಿಸಿಕೊಂಡಿದ್ದಳು.

"ಯಾವಾಗಿಂದ ಅಕ್ಕಾ?"

"ಯುಗಾದಿ ಮುಂಚಿಂದ." ಅವ್ವನ ದನಿ ಇಳಿಯಿತು. "ಕೈಕಾಲು ಹಂಗೇ ಅದಾವು, ಹೊಟ್ಟಿ ಒಂದೇ ಬೆಳೀತೈತೆ. ಮಾಯಕೊಂಡದಾಗ ನಮ್ಮಕ್ಕಂಗೂ ಹಿಂಗೇ ಆಗಿ, ಗಡ್ಡೆ ಅಂದ್ರು. ಆಕಿ ಉಳೀಲಿಲ್ಲ. ಇವ್ರಿಗೆ ಹೇಳಬ್ಯಾಡ ಗಿರಿಜಾ."

"ಹೇಳಂಗಿಲ್ಲ. ನಾಳೆ ನನ್ ಜೋಡಿ ಬರ್ರಿ."

ಮರುದಿನ ನಾನೂ ಹೋದೆ. ಬಸ್ಸಿನಲ್ಲಿ ದಾವಣಗೆರೆಯವರೆಗೂ ಗಿರಿಜಕ್ಕ ತಾವು ಅಳೆದ ಹೊಟ್ಟೆಗಳ ಕಥೆ ಹೇಳಿ ನಗಿಸಿದರು. ಕಂಡಕ್ಟರನ ಹೊಟ್ಟೆಯನ್ನೂ ಬಿಡಲಿಲ್ಲ.

ಸ್ಕ್ಯಾನಿಂಗ್ ನೋಡಿದ ಡಾಕ್ಟರು, "ಗಡ್ಡೆ ಗಿಡ್ಡೆ ಏನಿಲ್ಲಮ್ಮ, ವಯಸ್ಸಿನ ಬೊಜ್ಜು. ಎಣ್ಣೆ ಕಮ್ಮಿ ಮಾಡಿ, ದಿನಾ ನಡೀರಿ" ಎಂದರು. ಅವ್ವ ಇನ್ನೊಮ್ಮೆ ಹೇಳಿಸಿಕೊಂಡಳು. ಹೊರಗೆ ಬಂದು ನೋಡಿದರೆ ಗಿರಿಜಕ್ಕ ಗೋಡೆಗೆ ಮುಖ ಮಾಡಿ, ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕುತ್ತಿದ್ದರು.

"ಯಾಕ ಗಿರಿಜಾ?"

"ಬಸ್ಸಿನಾಗ ನಗಿಸ್ಕೋತ ಬಂದ್ರೂ, ಗಡ್ಡೇನೇ ಇದ್ರೆ ಅಂತ ಎದಿ ಡವಡವ ಅಂತಿತ್ತು ನೋಡ್ರಿ."

ಅವ್ವ ಅವರ ಕೈಹಿಡಿದು ಹೋಟೆಲಿಗೆ ಕರೆದೊಯ್ದಳು. ಎಷ್ಟೋ ತಿಂಗಳ ಮೇಲೆ ಅವ್ವ ಹಸಿದು ತಿಂದದ್ದನ್ನು ಅಂದು ಕಂಡೆ.

ಮೊನ್ನೆ ಗಿರಿಜಕ್ಕ ನಿದ್ದೆಯಲ್ಲೇ ಹೋದರು. ನರಳಲಿಲ್ಲ, ಅಷ್ಟು ಸಮಾಧಾನ. ಮಣ್ಣು ಮಾಡಿ ಬಂದ ಮೇಲೆ ಅವ್ವ ಅಪ್ಪನಿಗೆ ಅಂದಿನ ಎಲ್ಲವನ್ನೂ ಹೇಳಿದಳು. ಅಪ್ಪ, "ಆಗ ನಂಗ್ಯಾಕ ಹೇಳಲಿಲ್ಲ?" ಎಂದರು.

"ನೀವು ನಕ್ಕಿರ್ತಿದ್ರಿ," ಎಂದಳು ಅವ್ವ. "ಆಕಿ ಅತ್ಲು."