ಅಕ್ಕನ ಪೀಪಾಯಿಯ ಜೊಂಡು

ಕವಿಯಾ ಎಂಬ ಬುಡಕಟ್ಟಿನ ಜನರ ಒಂದು ಗುಡ್ಡದ ಊರಿನಲ್ಲಿ ಡೆಲ್ಫೀನಾಳಷ್ಟು ಚೆಂದವಾಗಿ ಬುಟ್ಟಿ ಹೆಣೆಯುವವರು ಯಾರೂ ಇರಲಿಲ್ಲ. ಅವಳಷ್ಟು ಹಟಮಾರಿಗಳೂ ಇರಲಿಲ್ಲ. ಬುಟ್ಟಿಗೆ ಬೇಕಾದ ಜೊಂಡು ಊರ ಕೆಳಗಿನ ಒರತೆಯೊಂದರಲ್ಲೇ ಬೆಳೆಯುತ್ತಿತ್ತು. ಬುಡದಲ್ಲಿ ಕೆಂಪು, ಮೇಲೆ ಹೋದಂತೆ ಕಂದು. ಬಣ್ಣ ಹಾಕುವ ಗೋಜೇ ಇಲ್ಲ. ರಸ್ತೆಗೆಂದು ಆ ಒರತೆಗೆ ಮಣ್ಣು ಸುರಿಯುವ ಮುನ್ನ ಅವಳ ಅಕ್ಕ ನಿಕೊಲಾಸಾ ಒಂದು ಪೊದೆ ಜೊಂಡನ್ನು ಬೇರುಸಮೇತ ಅಗೆದು, ಕೆಸರನ್ನೂ ಹೊತ್ತು ತಂದು, ಹಿತ್ತಲಿನ ಹಳೆಯ ಪೀಪಾಯಿಗಳಲ್ಲಿ ನೆಟ್ಟಳು. ತುದಿ ಕತ್ತರಿಸಿ, ಕೆಂಪು ಮೊಳಕೆಯಿದ್ದ ಬೇರನ್ನೇ ನೋಡಿ ಬಿಡಿಸಿ, ಒಂದನ್ನು ಎರಡು ಮಾಡಿದಳು. ಬೇರು ಒಣಗಿದರೆ ಕಥೆ ಮುಗಿದಂತೆ. ಬೇಸಿಗೆಯಲ್ಲಿ ತನ್ನ ಸ್ನಾನ ಬಿಟ್ಟಾಳು, ಅದಕ್ಕೆ ನೀರು ತಪ್ಪಿಸಿದವಳಲ್ಲ.

ಡೆಲ್ಫೀನಾಳಿಗೆ ಇದು ಸರಿಬರಲಿಲ್ಲ. ಜೊಂಡು ತನಗೆ ಬೇಕಾದಲ್ಲಿ ಬೆಳೆಯಬೇಕು, ನಾವು ಅಲ್ಲಿಗೆ ಹೋಗಿ ಅದರ ಅಪ್ಪಣೆ ಕೇಳಿ ಕೀಳಬೇಕು, ಪೀಪಾಯಿಯಲ್ಲಿ ಸಾಕಿದ್ದು ಜೊಂಡೇ ಅಲ್ಲ ಎಂದು ಕಂಡವರ ಮುಂದೆಲ್ಲ ಆಡಿಕೊಂಡಳು. ಪ್ರತಿ ಚಳಿಗಾಲ ಅಕ್ಕ ಒಂದು ಬೇರನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಅವಳ ಬಾಗಿಲಿಗೆ ತರುತ್ತಿದ್ದಳು. ಇವಳು ಓಕ್ ಕಾಯಿಯ ಗಂಜಿ ಬಡಿಸಿ ಉಪಚರಿಸಿ, ಗೋಣಿಯನ್ನು ಮಾತ್ರ ಮುಟ್ಟದೆ ವಾಪಸ್ಸು ಕಳಿಸುತ್ತಿದ್ದಳು.

"ನಾ ಸತ್ತ ಮೇಲೆ ಏನ್ ಮಾಡ್ತೀಯೇ?" ಎಂದು ಅಕ್ಕ ಒಮ್ಮೆ ಕೇಳಿದಳು.

"ನೀನೆಲ್ಲಿ ಸಾಯ್ತೀಯ. ನನ್ನ ಬೈಯೋ ಸುಖ ಬಿಟ್ಟು ಹೋಗ್ತೀಯಾ ನೀನು?"

ಕೂಡಿಟ್ಟಿದ್ದ ಹಳೆಯ ಜೊಂಡು ಒಂದು ಹಿಡಿಯಷ್ಟಕ್ಕೆ ಬಂದಾಗ ಡೆಲ್ಫೀನಾಳ ಜಂಬ ಇಳಿಯಿತು. ಈ ಸಲ ಅಕ್ಕ ತಂದರೆ ತೆಗೆದುಕೊಳ್ಳೋಣ ಎಂದುಕೊಂಡಳು. ತಾನಾಗಿ ಹೋಗಿ ಕೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅಕ್ಕ ತೀರಿಕೊಂಡಳು.

ಕವಿಯಾ ಜನರಲ್ಲಿ ಸತ್ತವರದ್ದು ಸತ್ತವರ ಜೊತೆಗೇ ಹೋಗಬೇಕು. ಬಟ್ಟೆ, ಹಾಸಿಗೆ, ಬುಟ್ಟಿ ಎಲ್ಲವನ್ನೂ ಸುಡುತ್ತಾರೆ. ಏನಾದರೂ ಉಳಿದರೆ ಹೋದ ಜೀವ ಅದರ ಸುತ್ತಲೇ ಸುಳಿದಾಡುತ್ತದೆ. ಬದುಕಿದ್ದಾಗ ಕೈಯಾರೆ ಕೊಟ್ಟದ್ದಷ್ಟೇ ಪಡೆದವರ ಬಳಿ ಉಳಿಯಬಹುದು. ನಿಕೊಲಾಸಾಳ ಮಗ ಸೆಲ್ಸೊ ಬೆಂಕಿ ಹೊತ್ತಿಸಿದ. ಪೀಪಾಯಿಗಳಿಂದ ಜೊಂಡನ್ನು ಬೇರುಸಹಿತ ಕಿತ್ತು ತಂದು ರಾಶಿ ಹಾಕಿದ. ಆ ಜೊಂಡು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲವೆಂದು ಅವನಿಗೂ ಗೊತ್ತು. ಡೆಲ್ಫೀನಾಳ ಹತ್ತಿರ ಬಂದು ದನಿ ತಗ್ಗಿಸಿದ.

"ಚಿಕ್ಕಮ್ಮ, ಇದ್ರಲ್ಲಿ ಅಮ್ಮ ನಿಂಗೆ ಕೊಟ್ಟಿದ್ದು ಯಾವ್ದಾದ್ರೂ ಇದ್ರೆ ತಗೊಂಡ್ಬಿಡು. ನಾ ಏನೂ ಕೇಳಲ್ಲ."

ನೆರೆದವರೆಲ್ಲ ಬೇಕೆಂದೇ ಬೇರೆ ಕಡೆ ಮುಖ ತಿರುಗಿಸಿದರು. ಹೂಂ ಎಂದಿದ್ದರೆ ಸಾಕಿತ್ತು. ಆದರೆ ಆ ಒಂದು ಸುಳ್ಳಿನಿಂದ ಅಕ್ಕನನ್ನು ಇಲ್ಲೇ ಕಟ್ಟಿಹಾಕಲು ಅವಳಿಂದಾಗಲಿಲ್ಲ.

"ವರ್ಷವರ್ಷಾನೂ ಕೊಡೋಕೆ ಬಂದ್ಲು ಕಣೋ," ಎಂದಳು. "ನಾನೇ ಕೈ ಚಾಚಲಿಲ್ಲ."

ಸಾವಿನ ಮನೆಯಲ್ಲೂ ಬಾರದಿದ್ದ ಅಳು ಆಗ ಬಂತು. ಅಕ್ಕನಿಗಾಗಿ ಎಷ್ಟು, ಜೊಂಡಿಗಾಗಿ ಎಷ್ಟು ಎಂದು ಅವಳಿಗೇ ತಿಳಿಯಲಿಲ್ಲ. ಅಳುತ್ತಲೇ ಬೇರುಗಳನ್ನು ತಬ್ಬಿ ಎತ್ತಿ, ತಾನೇ ಬೆಂಕಿಗೆ ಹಾಕಿದಳು. ಹಸಿ ಬೇರು, ಬೇಗ ಹೊತ್ತಿಕೊಳ್ಳಲಿಲ್ಲ. ಅದು ಪೂರ್ತಿ ಉರಿಯುವವರೆಗೂ ಡೆಲ್ಫೀನಾ ಅಲ್ಲೇ ನಿಂತು ಒಣ ಸೌದೆ ಒಟ್ಟಿದಳು.