ತೊಳೆದರೂ ಹೋಗದ ಕಪ್ಪು

ನಾನು ಮೊದಲ ಸಲ ನೋಡಿದಾಗ ಬಣ್ಣದಣ್ಣ ಮನೆಯ ಹಿಂದಿನ ನಲ್ಲಿಯ ಹತ್ತಿರ ಕುಳಿತು ಕಾಲು ತೊಳೆಯುತ್ತಿದ್ದರು. ನಾನು ಶಾಲೆಯಲ್ಲಿ ಕೆಲಸ ಸಿಕ್ಕಿ ಊರಿಗೆ ಹೊಸದಾಗಿ ಬಂದಿದ್ದೆ. ಅವರ ಮನೆಯ ಮೇಲಿನ ಕೋಣೆ ಬಾಡಿಗೆಗಿದೆ ಎಂದು ಯಾರೋ ಹೇಳಿದ್ದರು. ಬಾಗಿಲು ತೆರೆದ ಅವರ ಹೆಂಡತಿ, 'ಹಿಂದುಗಡೆ ಇದ್ದಾರೆ, ಹೋಗಿ ಮಾತಾಡಿ' ಎಂದು ಗೋಡೆಯ ಪಕ್ಕದ ಸಂದಿಯನ್ನು ತೋರಿಸಿದರು. ಸಂದಿಯ ಕೊನೆಯಲ್ಲಿ ಒಂದು ತಗಡಿನ ಬಕೆಟ್ಟು, ಇಟ್ಟಿಗೆಯ ಮೇಲೆ ಸವೆದ ಸೋಪು. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡಿದ್ದ ಆ ಮನುಷ್ಯನ ಪಾದಗಳು ಕಡುಗಪ್ಪಾಗಿದ್ದವು. ಕೈಗಳೂ ಮೊಣಕೈವರೆಗೆ ಹಾಗೆಯೇ. ಉಳಿದ ಚರ್ಮ ಮಾತ್ರ ಗೋಧಿ ಬಣ್ಣದ್ದು. ಯಾರದೋ ಕೈಕಾಲುಗಳನ್ನು ತಂದು ಇವರಿಗೆ ಜೋಡಿಸಿದಂತಿತ್ತು. ಸುತ್ತ ಕೊಳೆತ ಮೊಟ್ಟೆಯಂಥ ವಾಸನೆ.

ನಾನು ಶಾಲೆಯ ಕೆಲಸ, ಊರು, ಕೋಣೆಯ ವಿಷಯ ಹೇಳುವಷ್ಟರಲ್ಲಿ ನನ್ನ ಕಣ್ಣು ಎಲ್ಲಿದೆ ಎಂದು ಅವರಿಗೆ ತಿಳಿದಿತ್ತು.

'ಹೆದರಬೇಡಿ ಮೇಷ್ಟ್ರೇ, ನೂಲಿಗೆ ಬಣ್ಣ ಹಾಕೋ ಕೆಲಸ. ಗಂಧಕದ ಕಪ್ಪು ಇದು, ಅದರ ವಾಸನೇನೇ ಹಾಗೆ. ನನ್ನ ಅಸಲಿ ಬಣ್ಣ ನೋಡಿದೋಳು ಇವಳೊಬ್ಬಳೇ.'

'ಸುಳ್ಳು' ಎಂದು ಅವರ ಹೆಂಡತಿ, ಮುಂದೆ ನಾನು ಅಕ್ಕ ಎಂದು ಕರೆದವರು, ಅಡುಗೆಮನೆಯ ಕಿಟಕಿಯಿಂದಲೇ ಹೇಳಿದರು. 'ಮದುವೆ ಫೋಟೋದಲ್ಲೂ ಕೈ ಹಿಂದಕ್ಕೆ ಕಟ್ಕೊಂಡು ನಿಂತಿದ್ದಾರೆ.'

ಅಂದಿನಿಂದ ನಾನು ಅವರ ಮೇಲಿನ ಕೋಣೆಯವನಾದೆ.

ಅವರ ಕೆಲಸವನ್ನು ಒಮ್ಮೆ ಬಣ್ಣದ ಕಾರ್ಖಾನೆಗೆ ಹೋಗಿ ನೋಡಿದ್ದೆ. ಉದ್ದನೆಯ ತೊಟ್ಟಿಗಳಲ್ಲಿ ಬಣ್ಣದ ನೀರು ಕುದಿಯುತ್ತಿರುತ್ತದೆ. ನೂಲಿನ ಲಡಿಗಳನ್ನು ಕೋಲಿಗೆ ನೇತುಹಾಕಿ ಅದರಲ್ಲಿ ಅದ್ದಿ, ತಿರುಗಿಸಿ, ಎತ್ತಬೇಕು. ನೆಲ ಯಾವಾಗಲೂ ಒದ್ದೆ. ಮಾಲೀಕರು ರಬ್ಬರ್ ಬೂಟು ಕೊಡಿಸಿದ್ದರು. ಬಣ್ಣದಣ್ಣ ಅದನ್ನು ಮೂಲೆಗೆ ಹಾಕಿದ್ದರು. ಬೂಟಿನಲ್ಲಿ ನೆಲ ಹಿಡಿತಕ್ಕೆ ಸಿಗುವುದಿಲ್ಲವಂತೆ. ಕುದಿಯುವ ನೀರಿನ ಪಕ್ಕ ನಿಲ್ಲುವವನಿಗೆ ಕಾಲ್ಬೆರಳೇ ಬೇರು ಎನ್ನುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಸಿಗರೇಟೂ ಇತ್ತು. ಮೊದಲೆಲ್ಲ ಅಂಗಾಲು ಉರಿಯುತ್ತದೆಂದು ತಣ್ಣನೆಯ ನೆಲದ ಮೇಲೆ ಕಾಲಿಟ್ಟು ಮಲಗುತ್ತಿದ್ದರಂತೆ. ನಾನು ಆ ಮನೆಗೆ ಬಂದ ಮೇಲೆ ಒಂದು ದಿನ, ಉರಿ ಪೂರ್ತಿ ನಿಂತುಹೋಗಿದೆ, ಮಾತ್ರೆ ಕೈಹಿಡಿಯಿತು ಎಂದು ಖುಷಿಯಿಂದ ಹೇಳಿದರು. ಆದರೆ ಕಾರ್ಖಾನೆಯಿಂದ ಬರುವಾಗ ಮೀನಖಂಡ ಹಿಡಿದುಕೊಂಡು ದಾರಿಯಲ್ಲಿ ನಿಲ್ಲುತ್ತಿದ್ದರು. ಸ್ವಲ್ಪ ನಿಂತರೆ ನೋವು ಹೋಗುತ್ತಿತ್ತು. ಮತ್ತೆ ನಡೆದರೆ ಬರುತ್ತಿತ್ತು. 'ವಯಸ್ಸಾಯ್ತಲ್ಲ' ಎಂದು ಅದನ್ನೂ ಬಿಟ್ಟರು.

ಆ ವರ್ಷ ಕಾರ್ಖಾನೆಯ ಬಾಯ್ಲರ್ ಕೆಟ್ಟಿತು. ಕೆಲಸ ನಿಂತಿತು. ಮನೆಯಲ್ಲಿದ್ದ ದಿನಗಳಲ್ಲಿ ಬಣ್ಣದಣ್ಣನ ಕೈಯಿಂದ, ಕಾಲಿನಿಂದ ಕಪ್ಪು ನಿಧಾನವಾಗಿ ಇಳಿಯಿತು. ಮನೆಯಲ್ಲಿ ವಾಸನೆಯೂ ಇಳಿಯಿತು. ಎಡಗಾಲಿನ ಕಿರುಬೆರಳೊಂದು ಮಾತ್ರ ಕಪ್ಪಾಗಿಯೇ ಉಳಿಯಿತು. ಅವರು ಸೋಪು ಹಾಕಿ ಉಜ್ಜಿದರು. ಆಮೇಲೆ, ಬಣ್ಣದವರು ಮಾತ್ರ ಮಾಡಬಹುದಾದ ಕೆಲಸ ಮಾಡಿದರು: ತಪ್ಪಿ ಬಿದ್ದ ಬಣ್ಣವನ್ನು ನೂಲಿನಿಂದ ತೆಗೆಯುವ ಹಾಗೆ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲು ಅದ್ದಿ ಕುಳಿತರು.

ನಾನು ಶಾಲೆಯಿಂದ ಬಂದಾಗ ಹಾಗೆ ಕುಳಿತೇ ಇದ್ದರು.

'ಓದಿದೋರು ನೀವು, ಹೇಳಿ. ಇದು ಯಾವ ಕಂಪನಿ ಬಣ್ಣ ಮೇಷ್ಟ್ರೇ? ಇಷ್ಟು ಗಟ್ಟಿ ಮಾಲು ನಾನು ನೋಡೇ ಇಲ್ಲ.'

ಅಕ್ಕ ಬಗ್ಗಿ ಕಾಲನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಒರೆಸಿದರು. ಬೆರಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿತ್ತು. ಬುಡದಲ್ಲಿ ಗೆರೆ ಎಳೆದಂತೆ ಕಪ್ಪು ಮುಗಿದು ಚರ್ಮ ಶುರುವಾಗಿತ್ತು.

'ತಣ್ಣಗಿದೆ ಕಣ್ರೀ' ಎಂದರು. ಉಗುರಿನಿಂದ ಒತ್ತಿದರು. 'ಗೊತ್ತಾಗ್ತಿದೆಯಾ?'

'ಏನು?'

'ಒತ್ತಿದ್ದು.'

'ಒತ್ತಿದೆಯಾ?'

ಮರುದಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಎರಡೂ ಪಾದಗಳ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಎಡಪಾದದಲ್ಲಿ ಸಿಗಲಿಲ್ಲ.

'ನೋವಿದೆಯಾ?'

'ಚೂರೂ ಇಲ್ಲ ಮೇಡಂ, ಮೊದಲಿದ್ದ ಉರೀನೂ ಹೋಗಿದೆ' ಎಂದರು ಬಣ್ಣದಣ್ಣ, ಒಳ್ಳೆಯ ಸುದ್ದಿ ಕೊಡುವವರಂತೆ.

'ಸತ್ತಿರೋದು ನೋಯಲ್ಲ. ಈ ಬೆರಳಿಗೆ ರಕ್ತ ಹೋಗ್ತಿಲ್ಲ. ಗ್ಯಾಂಗ್ರೀನ್ ಅಂತಾರೆ ಇದಕ್ಕೆ. ಸಕ್ಕರೆ, ಸಿಗರೇಟು ಎರಡೂ ಸೇರಿ ರಕ್ತನಾಳ ಕಟ್ಟಿಸಿವೆ. ಉರಿ ಹೋಗಿದ್ದು ವಾಸಿಯಾಗಿ ಅಲ್ಲ, ನರ ಸತ್ತು. ಸದ್ಯ ಒಣಗಿದ ಥರದ್ದು ಇದು, ಒಂದು ಕಡೆ ನಿಂತಿದೆ. ಅಡ್ಮಿಟ್ ಆಗಿ. ನಾಳ ಎಲ್ಲಿ ಕಟ್ಟಿದೆ ಅಂತ ನಾವು ನೋಡಿ, ಸಾಧ್ಯ ಆದ್ರೆ ಬಿಡಿಸ್ತೀವಿ. ಬೆರಳೊಂದರಲ್ಲೇ ಮುಗೀಬಹುದು.'

'ಬೆರಳು ತೆಗೀತೀರಾ?'

'ತೆಗೀಬೇಕಾಗುತ್ತೆ. ಬಿಟ್ರೆ ಸೋಂಕು ಸೇರಿ ಕೊಳೆಯೋಕೆ ಶುರುವಾಗಬಹುದು. ಆಗ ಪಾದ ಊದ್ಕೊಳ್ಳುತ್ತೆ, ನೀರ್ಗುಳ್ಳೆ ಏಳುತ್ತೆ, ವಾಸನೆ ಬರುತ್ತೆ, ಚಳಿಜ್ವರ ಬರುತ್ತೆ. ಇದರಲ್ಲಿ ಒಂದು ಕಂಡ್ರೂ ನಾಳೆ ಅನ್ನಬೇಡಿ. ಅದು ಬೇಗ ಮೇಲಕ್ಕೆ ಹತ್ತುತ್ತೆ. ಪ್ರಾಣಕ್ಕೇ ಬರುತ್ತೆ.'

ಬಣ್ಣದಣ್ಣ ತಲೆಯಾಡಿಸಿದರು. ಯೋಚನೆ ಮಾಡಿ ಬರುತ್ತೇನೆ ಎಂದು ಎದ್ದರು. ದಾರಿಯುದ್ದಕ್ಕೂ ಗಂಡ ಹೆಂಡತಿ ಜಗಳವಾಡಿದರು.

'ಒಂದು ಬೆರಳಿಲ್ಲ ಅಂದ್ರೆ ತೊಟ್ಟಿ ಹತ್ರ ಸೇರಿಸಲ್ವಾ ನಿಮ್ಮನ್ನ?'

'ಸೇರಿಸ್ತಾರೆ. ಜಾರಿ ಬಿದ್ರೆ ಯಾರು ಎತ್ತೋದು? ನೋವೇ ಇಲ್ಲದ್ದನ್ನ ಕತ್ತರಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?'

'ತಲೆ ಅಲ್ಲ, ಕಾಲು ಕೆಟ್ಟಿದೆ.'

ಅಷ್ಟರಲ್ಲಿ ಬಾಯ್ಲರ್ ಸರಿಯಾಯಿತು. ಅವರು ಬೆರಳಿಗೊಂದು ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದರು. ಪಾದಗಳು ಮತ್ತೆ ಕಪ್ಪಾದವು. ಮನೆಯಲ್ಲಿ ಮತ್ತೆ ವಾಸನೆ ತುಂಬಿತು. ಯಾವ ಕಪ್ಪು ಎಲ್ಲಿಯದು, ಯಾವ ವಾಸನೆ ಯಾವುದರದು ಎಂದು ಹೇಳುವಂತಿರಲಿಲ್ಲ. ಅಕ್ಕ ದಿನಾ 'ಬಟ್ಟೆ ಬಿಚ್ಚಿ ತೋರಿಸಿ' ಎನ್ನುತ್ತಿದ್ದರು. ಅವರು ದಿನಾ 'ಭಾನುವಾರ' ಎನ್ನುತ್ತಿದ್ದರು.

ಭಾನುವಾರ ಅವರು ಹಾಸಿಗೆಯಿಂದ ಏಳಲಿಲ್ಲ. ಹೊದ್ದುಕೊಂಡು ನಡುಗುತ್ತಿದ್ದರು. ಮಾತು ತಡವಾಗಿ ಬರುತ್ತಿತ್ತು. ಅಕ್ಕ ಕೆಲಸದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಹೊರಗೆ ಹಾಕಿದರು. ಕಿಟಕಿ ತೆರೆದರು. ನೆಲ ಒರೆಸಿದರು. ಮತ್ತೆ ಒಳಗೆ ಬಂದು ನಿಂತರು. ವಾಸನೆ ಹಾಸಿಗೆಯ ಹತ್ತಿರ ಹಾಗೇ ಇತ್ತು.

ಅಕ್ಕ ಅವರನ್ನು ಕೇಳದೆ ಬೆರಳಿನ ಬಟ್ಟೆ ಬಿಚ್ಚಿದರು. ಪಾದ ಊದಿ ಹೊಳೆಯುತ್ತಿತ್ತು. ಬಣ್ಣ ತಾಗದ ಕಣಕಾಲಿನ ಮೇಲೂ ನೇರಳೆ ಬಣ್ಣ ಹತ್ತಿತ್ತು, ಅದರಲ್ಲಿ ಗುಳ್ಳೆಗಳು.

'ಮೇಷ್ಟ್ರೇ, ಗಾಡಿ ತನ್ನಿ' ಎಂದು ಬಾಗಿಲಲ್ಲಿ ನಿಂತಿದ್ದ ನನಗೆ ಅಕ್ಕ ಹೇಳಿದರು.

'ನಾಳೆ ಹೋಗೋಣ' ಎಂದರು ಬಣ್ಣದಣ್ಣ.

ಅಕ್ಕ ಅವರ ತೋಳಿನ ಕೆಳಗೆ ಕೈಹಾಕಿ ಎತ್ತಿದರು.

ಅದೇ ಡಾಕ್ಟರಮ್ಮ ಇದ್ದರು. ಯಾಕೆ ತಡ ಮಾಡಿದಿರಿ ಎಂದು ಕೇಳಲಿಲ್ಲ. ಇನ್ನು ಬೆರಳಿನ ಮಾತಿಲ್ಲ, ಪಾದದ ಮಾತೂ ಇಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು.

'ಮೊಣಕಾಲು ಉಳಿಯುತ್ತಾ?' ಬಣ್ಣದಣ್ಣ ಕೇಳಿದರು.

'ಇವತ್ತು ಮಾಡಿದ್ರೆ ಉಳಿಯಬಹುದು.'

'ಮಾಡಿ.'

ಮೊಣಕಾಲು ಉಳಿಯಿತು. ಅಕ್ಕ ವಾರ್ಡಿನ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು, ಹಾಸಿಗೆಯ ಮೇಲೆ ಹೊದಿಕೆ ಚಪ್ಪಟೆಯಾಗಿದ್ದ ಜಾಗವನ್ನು ನೋಡುತ್ತಿದ್ದರು. ನಾನು ತಂದುಕೊಟ್ಟ ಚಹಾ ಕೈಯಲ್ಲೇ ಆರಿತು. ಎಚ್ಚರವಾದ ಮೇಲೆ ಬಣ್ಣದಣ್ಣ ನನ್ನನ್ನು ಹತ್ತಿರ ಕರೆದರು.

'ಇದ್ದಾಗ ಸುಮ್ನಿತ್ತು ಮೇಷ್ಟ್ರೇ. ಈಗ ಉರೀತಿದೆ. ಇಲ್ಲದ ಬೆರಳೇ ಉರೀತಿದೆ.'

ಹಾಗಾಗುವುದುಂಟು, ನರಗಳು ಮರೆಯುವುದಿಲ್ಲ ಎಂದು ನರ್ಸ್ ಹೇಳಿದರು. ಮನೆಗೆ ಕಳಿಸುವ ದಿನ ಉಳಿದ ಕಾಲಿನ ಬಗ್ಗೆಯೂ ಹೇಳಿದರು: ದಿನಾ ಬೆಳಕಿನಲ್ಲಿ ನೋಡಿ, ಬೆರಳ ಸಂದಿ ಬಿಡಿಸಿ ನೋಡಿ, ಕೈಯಿಟ್ಟು ಬಿಸಿ ಇದೆಯೇ ತಣ್ಣಗಿದೆಯೇ ನೋಡಿ, ಬರಿಗಾಲಲ್ಲಿ ಓಡಾಡಬೇಡಿ, ಬಿಸಿನೀರಿನಲ್ಲಿ ಕಾಲಿಡಬೇಡಿ, ಸಿಗರೇಟು ಮುಟ್ಟಬೇಡಿ. ಅಕ್ಕ ಪ್ರತಿಯೊಂದಕ್ಕೂ 'ಹೂಂ' ಎಂದರು. ಬಣ್ಣದಣ್ಣ ಗೋಡೆ ನೋಡುತ್ತಿದ್ದರು.

ತೊಟ್ಟಿಯ ಕೋಣೆಗೆ ಅವರು ಮತ್ತೆ ಹೋಗಲಿಲ್ಲ. ಈಗ ಕಾರ್ಖಾನೆಯ ಮುಂದಿನ ಒಣ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು, ಒಣಗಿ ಬಂದ ಲಡಿಗಳ ಸಿಕ್ಕು ಬಿಡಿಸಿ ಕಂತೆ ಕಟ್ಟುತ್ತಾರೆ.